ಒಂದೋ ಎರಡೋ ಎನ್ನುತ್ತಿದ್ದ ಕಾಕಾ

ನಮ್ಮ ಕಾಕಾ ಈ ಜಗತ್ತಿನ ಯಾವ ಜೋಡಿಯನ್ನೂ ವಿಚಾರಣೆಯಿಲ್ಲದೆ ಒಪ್ಪಿದವರಲ್ಲ! ಅವರ ಕೊನೆಯ ಭಾನುವಾರ (ಕೊನೆಯದೆಂದು ಯಾರಿಗೆ ಗೊತ್ತಿತ್ತು?) ಕೆಂಪು ಬಾಳೆಹಣ್ಣಿಗೆಂದು ಕಾಕಿಯನ್ನೂ ನನ್ನನ್ನೂ ಕಮಲಾಪುರಕ್ಕೆ ಕರೆದೊಯ್ದರು. ಅಲ್ಲೊಂದು ಅಂಟಿಕೊಂಡ ಜೋಡಿಹಣ್ಣು ಸಿಕ್ಕಿತು. ಕಾಕಿ ಮುಟ್ಟಲೊಲ್ಲರು, ಹೆಂಗಸರು ತಿಂದರೆ ಅವಳಿ ಹುಟ್ಟುತ್ತವಂತೆ. ಅರವತ್ತು ದಾಟಿದ ಮೇಲೂ ಎಂಥ ಭಯ! ಕಾಕಾ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿಯೇ ತಿರುಗಿಸಿದರು.

"ಸರ, ಹಣ್ಣು ತಿನ್ರಿ, ಪಂಚನಾಮಾ ಮಾಡಬ್ಯಾಡ್ರಿ!" ಎಂದಳು ಮಾರುವವಳು.

"ತಡಿಯವ್ವಾ, ಒಳಗ ಒಂದದೋ ಎರಡವೋ ನೋಡಬೇಕಲ್ಲ?"

ಈ ಚಟ ಆಕಾಶದಿಂದ ಇಳಿದದ್ದು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು, ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ದೊಡ್ಡ ದುರ್ಬೀನುಗಳು ತೆಗೆದ ಚಿತ್ರಗಳಲ್ಲಿ ಕ್ವೇಸಾರುಗಳನ್ನು ಹುಡುಕುತ್ತಿದ್ದರು. ಅಂದರೆ ಬಹುದೂರದ ಗೆಲಾಕ್ಸಿಗಳ ಒಡಲಲ್ಲಿ ಧಗಧಗಿಸುವ ಬೆಳಕು. ಎರಡು ಚುಕ್ಕೆ ಅಕ್ಕಪಕ್ಕ ಕಂಡರೆ ನಿಜವಾಗಿ ಎರಡಿರಬಹುದು. ಇಲ್ಲವೇ ನಡುವಿನ ಗೆಲಾಕ್ಸಿಯೊಂದರ ಸೆಳೆತಕ್ಕೆ ಬೆಳಕು ಬಾಗಿ, ಒಂದೇ ಎರಡಾಗಿ ಕಾಣಬಹುದು. ಆಗ ಒಂದು ಚುಕ್ಕೆ ಹೆಚ್ಚು ಬೆಳಗಿದರೆ, ಬಳಸುದಾರಿಯಲ್ಲಿ ಬಂದ ಇನ್ನೊಂದು ತಡವಾಗಿ ಹಾಗೆಯೇ ಬೆಳಗುತ್ತದೆ.

ಇದನ್ನು ಸೂಪರ್ ಮಾರ್ಕೆಟ್ಟಿನ ಅರಿವೆ ಅಂಗಡಿಯ ಅವಳಿ ಅಣ್ಣತಮ್ಮಂದಿರ ಮೇಲೂ ಪ್ರಯೋಗಿಸಿದರು! ಅಣ್ಣ ಸೀನಿದ. ಕಾಕಾ ಗಡಿಯಾರ ಹಿಡಿದು ತಮ್ಮನ ಮೂಗನ್ನೇ ನೋಡುತ್ತ ನಿಂತರು.

"ಏನ್ ನೋಡಕತ್ತೀರಿ ಸರ?"

"ನೀ ಸೀನಲಿಲ್ಲ ಅಂದ್ರ ನೀವು ಖರೇನೇ ಇಬ್ಬರು!"

"ಅದು ನಮ್ಮವ್ವಗ ಹಡದಾಗೇ ಗೊತ್ತಾಗ್ಯಾದ್ರೀ!"

ಕಾಕಾ ತಾವೇ ಹುಡುಕಿದ ಚುಕ್ಕೆಗಳ ಜೋಡಿಯೊಂದಿತ್ತು. ಖರೇ ಜೋಡಿ ಎಂದು ಅವರು, ಒಂದೇ ಎಂದು ಕಾಕಿ. ಚಹಾ ಹೊತ್ತಿಗೆಲ್ಲ ಅದೇ ಜಗಳ.

"ಹೆಂಗ ಹೇಳ್ತಿ?"

"ಚಷ್ಮಾ ತೆಗದ್ರ ನಿಮಗ ನಾನೂ ಎರಡು ಕಾಣ್ತೀನಿ. ಚುಕ್ಕಿ ಬಿಡ್ತಾವೇನು?"

ಎರಡರ ಬೆಳಕನ್ನೂ ಬಣ್ಣಬಣ್ಣವಾಗಿ ಬಿಡಿಸಿ, ಅದರೊಳಗಿನ ಗೆರೆಗಳನ್ನು ಹೋಲಿಸಿದರೆ ತೀರ್ಮಾನವಾಗುತ್ತದೆ. ಅದಕ್ಕಾಗಿ ವೀಕ್ಷಣಾಲಯದಲ್ಲಿದ್ದ ಹಳೆಯ ವಿದ್ಯಾರ್ಥಿನಿಗೆ ಗಂಟುಬಿದ್ದಿದ್ದರು. ಕಮಲಾಪುರದಿಂದ ಬಂದ ಮರುದಿನ ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತ ಕಾಕಾ ಮತ್ತೆ ಏಳಲಿಲ್ಲ.

ಕೆಲವು ತಿಂಗಳ ಮೇಲೆ ಆ ವಿದ್ಯಾರ್ಥಿನಿಯ ಫೋನು ಬಂತು. "ಸರ್ ಹೇಳಿದ್ದೇ ಖರೇ ಅದ್ರೀ. ನಮ್ಮಿಂದ ಎರಡರ ದೂರನೂ ಒಂದೇ, ಗೆರೆ ಬ್ಯಾರೆ ಬ್ಯಾರೆ. ನಡುವ ಗೆಲಾಕ್ಸಿನೂ ಇಲ್ಲ. ಅವು ಎರಡೇ."

ಕಾಕಿಗೆ ಹೇಳಿದೆ. ಸೋತವರಂತೆ ನಗಲು ನೋಡಿದರು. ಆಮೇಲೆ ಕೇಳಿದರು:

"ಒಂದೇ ಆಗಿದ್ರ ಎರಡೂ ಕೂಡೇ ಆರ್ತಿದ್ವು, ಹೌದಲ್ಲೋ?"

"ಸ್ವಲ್ಪ ಹಿಂದಮುಂದ. ಹೌದು ಕಾಕಿ."

"ಈಗ ಒಂದು ಆರಿದ್ರ, ಇನ್ನೊಂದು ತಾನೊಂದೇ ಎಷ್ಟು ದಿನ ಉರೀಬೇಕೋ?"

ಕಾಕಾ ಇದ್ದಿದ್ದರೆ ಇದಕ್ಕೆ ಒಂದು ತಾಸು ಭಾಷಣ ಮಾಡುತ್ತಿದ್ದರು. ನಾನು ಎದ್ದು ಚಹಾಕ್ಕೆ ನೀರಿಟ್ಟೆ.