ಚೀಟಿ ಎತ್ತಿ ಕೊಟ್ಟ ಗೆಳೆತನ

ಸರಕಾರಿ ಸಾಲ್ಯಾಗ ಹದಿನೆಂಟು ವರ್ಷ ಕಲಿಸಿದಾಕಿ ನಾ. ನಗಬೇಕಂದ್ರ ನಾಟಕಕ್ಕ ಹೋಗೂದೇನೂ ಬ್ಯಾಡ, ವಾರಕ್ಕೊಂದು ಪ್ರಸಂಗ ತಾನಾಗೇ ಸಾಲಿ ಬಾಗಲಕ್ಕ ಬಂದು ನಿಂದ್ರತೈತಿ. ನಕ್ಕ ಮ್ಯಾಲ ಹೊಟ್ಟಿ ಉರೀತೈತಿ, ಅದೊಂದ ತ್ರಾಸು. ಈಗ ಹೇಳೂವೆಲ್ಲಾ ನಮ್ಮ ಗುಳೇದಗುಡ್ಡದ ಸಾಲಿ ಸುತ್ತಮುತ್ತ, ಒಂದೇ ತಿಂಗಳದಾಗ ಆದವು.

೧. ತರಬೇತಿ

ಬಾಗಲಕೋಟಿಗೆ ಒಂದು ದಿನದ ತರಬೇತಿಗೆ ಕರದಿದ್ರು. ಸಾಲ್ಯಾಗ ಎಲ್ಲಾ ಜಾತಿ, ಎಲ್ಲಾ ಧರ್ಮದ ಮಕ್ಕಳು ಬೆರೀಬೇಕು ಅನ್ನೂದು ವಿಷಯ. ಭಾಷಣ ಎಷ್ಟು ಚಂದ ಇತ್ತಂದ್ರ, ನನ್ನ ಬಾಜೂಕ ಕುಂತ ಹಿರೇ ಅಕ್ಕೋರು ಸೆರಗಿಲೆ ಕಣ್ಣೀರು ಒರಸ್ಕೊಂಡ್ರು. ಊಟದ ಹೊತ್ತಾತು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ, ನಾವು ಕಲಿಸೂ ಮಂದಿ ನಮ್ಮ ನಮ್ಮವರನ್ನ ಹುಡುಕ್ಕೊಂಡು ನಾಕು ಗುಂಪಾಗಿ ಕುಂತ್ವಿ. ಆ ಹಿರೇ ಅಕ್ಕೋರು ತಮ್ಮ ರೊಟ್ಟಿ ಗಂಟು ಬಿಚ್ಚಿ, ಸಣ್ಣ ದನೀಲೆ ಕೇಳಿದ್ರು: "ಇಲ್ಲಿ ಅಡಿಗಿ ಮಾಡಿದವರು ಯಾರಂತ ಏನರ ಗೊತ್ತಾತೇನ್ರಿ?"

೨. ಚೀಟಿ

ಮರುದಿನ ಸಾಲಿಗೆ ಬಂದ್ರ, ನನ್ನ ಏಳನೇ ಕ್ಲಾಸಿನ ಒಬ್ಬ ಹುಡುಗಿ ಅಪ್ಪ ಟಿಸಿ ಕೇಳಾಕ ನಿಂತಿದ್ದ. ಹುಡುಗಿ ಭಾಳ ಶ್ಯಾಣೆ. ಆದ್ರ ಅಕಿ ಓಣಿ ಹೆಸರು ಕೇಳಿದ್ರ ಸಾಕು, ಮಂದಿಗೆ ಜಾತಿ ತಿಳೀತೈತಿ. ಹಿಂಗಾಗಿ ಊಟಕ್ಕ ಕಟ್ಟಿ ಮ್ಯಾಲ ಒಬ್ಬಾಕಿನೇ ಕುಂಡ್ರತಿದ್ಲು.

"ಅಕ್ಕೋರ, ದಿನಾ ಮನಿಗೆ ಬಂದು ಅಳತಾಳ್ರಿ. ಒಬ್ಬಾಕೀನೂ ಗೆಳತಿ ಇಲ್ಲ. ಹುನಗುಂದದ ಹಾಸ್ಟೆಲ್ಲಿಗೆ ಹಾಕ್ತೇನಿ, ಅಲ್ಲಿ ನಮ್ಮ ಮಂದಿ ಹುಡುಗ್ಯಾರರ ಅದಾರ" ಅಂದ. ಹುಡುಗಿ ಅವ್ವನ್ನ ಬಿಟ್ಟು ಹೋಗಂಗಿಲ್ಲಂತ ಕಂಬ ಹಿಡ್ಕೊಂಡು ನಿಂತಿತ್ತು. "ಒಂದು ತಿಂಗಳು ತಡೀರಿ, ಗೆಳತಿ ಕೊಡಸೂದು ನನ್ನ ಕೆಲಸ" ಅಂದೆ.

ಡಬ್ಬಿಯೊಳಗ ಎಲ್ಲಾರ ಹೆಸರು ಹಾಕಿ ಚೀಟಿ ಎತ್ತಿಸಿದೆ. ಯಾರ ಹೆಸರು ಬರ್ತೈತೋ ಅವರು ಗೆಳೆಯರು. ರವಿವಾರ ಒಬ್ಬರ ಮನಿಗೆ ಒಬ್ಬರು ಹೋಗಬೇಕು, ಚಾ ಕುಡೀಬೇಕು, ಸೋಮವಾರ ಬಂದು ಕ್ಲಾಸಿನಾಗ ಹೇಳಬೇಕು. ಈ ಹುಡುಗಿಗೆ ಒಬ್ಬ ನೇಕಾರನ ಮಗಳ ಚೀಟಿ ಬಂತು. ಮರುದಿನ ಮುಂಜಾನೆ ನೇಕಾರ ಹಾಜರ್! "ನಾವೇನ್ ಭೇದ ಮಾಡೂ ಮಂದಿ ಅಲ್ರಿ. ನಮ್ಮವ್ವ ಹಳೇ ಕಾಲದಾಕಿ. ಚೀಟಿ ಅಷ್ಟ ಬದಲಿ ಮಾಡ್ರಿ."

ನಾ ಬಿಡ್ತೇನೇನು? ಅವರ ಮನಿಗೆ ಹೋದೆ. ಮುದುಕಿ ಅಂದ್ಲು: "ನಂದೇನೈತವ್ವ, ಇವತ್ತೋ ನಾಳೆನೋ ಹೋಗಾಕಿ. ಸೊಸಿ ಒಪ್ಪಂಗಿಲ್ಲ." ಸೊಸಿ ಅಂದ್ಲು: "ನಂಗೇನೂ ಇಲ್ರಿ, ಬಾಜೂ ಮನಿಯವರು ಮಾತಾಡ್ತಾರ." ಬಾಜೂ ಮನಿಯಾಕಿ ಅಂದ್ಲು: "ನಾವ್ಯಾಕ ಮಾತಾಡೂನ್ರಿ? ದೇವರು ಒಪ್ಪಬೇಕಲ್ಲ." ಇಡೀ ಓಣ್ಯಾಗ ಜಾತಿ ಮಾಡಾಂವ ದೇವರೊಬ್ಬನ ಉಳದ. ಅವನ್ನೂ ಕೇಳಿಬಿಡೂಣಂತ ಹೋದೆ, ಗುಡಿ ಕೀಲಿ ಹಾಕಿತ್ತು.

೩. ಸೂಸ್ಲಾ

ಒಂದು ಚೀಟಿ ಮಾತ್ರ ಸರಳ ಹೋತು ಅಂದ್ಕೊಂಡಿದ್ದೆ. ಕಿರಾಣಿ ಅಂಗಡಿಯವರ ಹುಡುಗ ಚೀಟ್ಯಾಗ ಬಂದ ಗೆಳೆಯನ ಮನಿಗೆ, ಒಬ್ಬ ಮುಸಲ್ಮಾನ ದರ್ಜಿ ಮನಿಗೆ ಹೋದ. ಪಾಪ, ಆ ದರ್ಜಿ ಹೆಂಡತಿ ಯಾರರ ಏನರ ಅಂದಾರಂತ ಎರಡು ದಿನ ಮನ್ಯಾಗ ಮಾಂಸದ ಅಡಿಗಿನ ಮಾಡಿರಲಿಲ್ಲ. ಚುರಮುರಿ ನೆನಸಿ, ಒಗ್ಗರಣಿ ಹಾಕಿ ಸೂಸ್ಲಾ ಮಾಡಿ ಕೊಟ್ಲು. ಹುಡುಗ ತಾಟು ನೋಡಿ ಅಳೂ ಮಾರಿ ಮಾಡಿದ: "ಇದನ್ನ ನಮ್ಮವ್ವನೂ ಮಾಡ್ತಾಳ. ಬಿರಿಯಾನಿ ಎಲ್ಲೈತ್ರಿ?"

ಮರುದಿನ ಆಕಿ ನನ್ನ ಹಂತ್ಯಾಕ ಬಂದು ಅಂದ್ಲು: "ಅಕ್ಕೋರ, ಬಿರಿಯಾನಿ ಕೊಟ್ರ ಊರಾಗ ಜಗಳ, ಕೊಡದಿದ್ರ ಹುಡುಗನ ಅಳು. ಬರೇ ನೀರು ಕೊಡೂಣೇನ್ರಿ?"

೪. ಸಮಾನತೆ

ತಿಂಗಳು ಮುಗೀತ ಬಂತು. ಕಟ್ಟಿ ಮ್ಯಾಲ ಒಬ್ಬಾಕಿನೇ ಕುಂಡ್ರೂ ಆ ಹುಡುಗಿ ಚೀಟಿ ಯಾರಿಗೂ ಬ್ಯಾಡಾಗಿತ್ತು. ಕಡೀಕ ನಾನ ಇಟ್ಕೊಂಡೆ. "ನಾನ ನಿನ್ನ ಗೆಳತಿ, ನಮ್ಮ ಮನಿಗೆ ಬಾರವ್ವ" ಅಂದೆ.

ನಮ್ಮತ್ತಿ ತಕರಾರು ತಗದ್ರು. "ಬರಲಿ. ಆದ್ರ ಆಕಿ ಕುಡದ ಗ್ಲಾಸು ನಾ ಮುಟ್ಟಂಗಿಲ್ಲ." ಓಣಿ ತುಂಬ ಜಗಳ ಮಾಡಿದಾಕಿ ಮನ್ಯಾಗ ಉಪಾಯ ಹುಡುಕಿದೆ. ಅಂಗಡಿಗೆ ಹೋಗಿ ಕಾಗದದ ಕಪ್ಪು ತಂದೆ. ಅತ್ತಿಗೂ ಕಾಗದದ್ದು, ನಮ್ಮ ಮನಿಯವರಿಗೂ ಕಾಗದದ್ದು, ನನಗೂ ಅದ, ಹುಡುಗಿಗೂ ಅದ. ಸಮಾನತೆ ಅಂದ್ರ ಇದ ಅಲ್ಲೇನು! ನನ್ನ ಶ್ಯಾಣೇತನಕ್ಕ ನನಗ ಭಾಳ ಹೆಮ್ಮಿ ಆತು.

ಸೋಮವಾರ ಹುಡುಗಿ ಕ್ಲಾಸಿನಾಗ ಎದ್ದು ನಿಂತು ಹೇಳಿದ್ಲು: "ಅಕ್ಕೋರ ಮನಿ ಮಂದಿ ಭಾಳ ಚಲೋರಿ. ಆದ್ರ ಪಾಪ, ಅವರ ಮನ್ಯಾಗ ಒಂದ ಗ್ಲಾಸೂ ಇಲ್ರಿ." ಕ್ಲಾಸೆಲ್ಲಾ ನಕ್ತು. ನಾನೂ ನಕ್ಕೆ, ಏನ್ ಮಾಡ್ಲಿ?

ಮರುದಿನ ಅಕಿ ಅಪ್ಪ ಬಂದ. "ತಿಂಗಳಾತ್ರಿ ಅಕ್ಕೋರ, ಟಿಸಿ ಕೊಡಸ್ರಿ" ಅಂದ. ನಾ ತಡೀಲಿಲ್ಲ. ತಡ್ಯಾಕ ನನಗ ಮಾರಿನ ಇರಲಿಲ್ಲ. ಹೆಡ್ ಮಾಸ್ತರು ಸಹಿ ಮಾಡಿದ್ರು. ಹೋಗೂ ಮುಂದ ಅಂವ ಚೀಲದಾಗಿಂದ ಒಂದು ಪೊಟ್ಟಣ ತಗದು ನನ್ನ ಟೇಬಲ್ ಮ್ಯಾಲ ಇಟ್ಟ. ಬಿಚ್ಚಿ ನೋಡಿದ್ರ ಆರು ಸ್ಟೀಲ್ ಗ್ಲಾಸು.

"ಮಗಳು ಹೇಳಿದ್ಲ್ರಿ. ನಮ್ಮಾಕಿ ಕಳಿಸ್ಯಾಳ" ಅಂದ.

ನಾ ಗ್ಲಾಸಿಗೆ ಕೈ ಹಚ್ಚಲಿಲ್ಲ. ಅಂವ ಎರಡು ಹೆಜ್ಜಿ ಹಿಂದ ಸರದು, ಸಮಾಧಾನ ಮಾಡಿದ: "ಅಂಜಬ್ಯಾಡ್ರಿ ಅಕ್ಕೋರ, ಹೊಸಾವು ಅದಾವು. ನಾವ್ಯಾರೂ ಬಾಯಿ ಹಚ್ಚಿಲ್ರಿ."