ಮೂರು ಕಾರ್ಡಿನ ಸೋಬಾನೆ

ಎರಡು ಸಾವಿರದ ನಾಲ್ಕನೇ ಇಸವಿ ಮಾರ್ಚ್ ತಿಂಗಳಲ್ಲಿ ಭೇರ್ಯದ ಸೋಬಾನೆ ಧ್ವನಿ ಸಂಗ್ರಹಣಾ ಉಪಕಚೇರಿಯಲ್ಲಿ ಒಂದು ಕಂಪ್ಯೂಟರು, ಮೂರು ಸೌಂಡ್ ಕಾರ್ಡು ಮತ್ತು ಸೊನ್ನೆ ಸೋಬಾನೆ ಇದ್ದವು. ಮೂವತ್ತೊಂದನೇ ತಾರೀಕಿನೊಳಗೆ ಒಂದು ಪೂರ್ತಿ ಮದುವೆ ಸೋಬಾನೆಯ ಸೀಡಿ ಮೈಸೂರು ಸೇರದಿದ್ದರೆ ಸದರಿ ಉಪಕಚೇರಿಯನ್ನು ಮುಚ್ಚತಕ್ಕದ್ದು ಅಂತ ಆದೇಶ ಬಂದಿತ್ತು.

ಕಚೇರಿ ಮುಚ್ಚಿದ್ರೆ ಕಂಪ್ಯೂಟರ್ ಆಪರೇಟರ್ ದೇವರಾಜುನ ಮದುವೆನೂ ಮುಚ್ಚಿಹೋಗ್ತಿತ್ತು. ಮಿರ್ಲೆಯ ದೊಡ್ಡಬೀರಯ್ಯ ಮಗಳು ಸೌಂದರ್ಯನ್ನ ಕೊಡೋಕೆ ಒಪ್ಪಿದ್ರು ನಿಜ. ಆದ್ರೆ ಏಪ್ರಿಲ್ ಒಂದನೇ ತಾರೀಕು ಖುದ್ದಾಗಿ ಬಂದು, ಕಚೇರಿ ಬಾಗಿಲು ತೆಗೆದಿರೋದನ್ನ ಕಣ್ಣಾರೆ ನೋಡಿ, ಆಮೇಲೇ ಲಗ್ನಪತ್ರಿಕೆ ಅಂದಿದ್ರು.

"ಗೌರ್ಮೆಂಟ್ ಕೆಲ್ಸ ಅಂತೀಯ. ಅದು ಗೌರ್ಮೆಂಟಿಗೆ ಗೊತ್ತೈತೇನಪ್ಪ?"

ಸೌಂಡ್ ಕಾರ್ಡು ಅಂದ್ರೆ ಮೈಕಿನ ದನಿಯನ್ನ ಕಂಪ್ಯೂಟರಿಗೆ ಮುಟ್ಟಿಸೋ ಅಂಗೈಯಗಲದ ಹಲಗೆ. ದೇವರಾಜು ಕೇಳಿದ್ದು ಮೂರು ಮೈಕು ಸಿಕ್ಕಿಸೋ ಒಂದೇ ಕಾರ್ಡು. ನಿಯಮದ ಪ್ರಕಾರ ಮೂರು ಅಂಗಡಿಯಿಂದ ಕೊಟೇಶನ್ ಬಂತು. ಒಬ್ಬರ ಹತ್ತಿರ ತಗೊಂಡು ಇಬ್ಬರಿಗೆ ಅನ್ಯಾಯ ಮಾಡೋದು ಬೇಡ ಅಂತ ಮೂರೂ ಕಡೆಯಿಂದ ಒಂದೊಂದು ಮೈಕಿನ ಒಂದೊಂದು ಕಾರ್ಡು ಬಂತು.

ಹಾಡೋರೂ ಮೂವರಿದ್ರು. ಗುರುಶಾಂತಮ್ಮ ಮುಂದೆ ಹೇಳೋರು. ಅವರು ಎತ್ತಿಕೊಟ್ಟ ಸೊಲ್ಲನ್ನ, ಅಂದ್ರೆ ಹಾಡಿನ ಸಾಲನ್ನ, ಹಿಡಿದು ಹಿಂದೆ ಹೇಳೋರು ಪ್ರೇಮಮ್ಮ ಮತ್ತು ಮಂಗಳಗೌರಿ. ಮೂವರನ್ನೂ ಒಂದೇ ಮೈಕಿನ ಸುತ್ತ ಕೂರಿಸಿದ್ರೆ ಅರ್ಧ ದಿನದ ಕೆಲಸ ಅಂತ ದೇವರಾಜು ಹೇಳಿ ನೋಡಿದ. ಉಳಿದೆರಡು ಕಾರ್ಡು ಯಾಕೆ ತಂದ್ರಿ ಅಂತ ಆಡಿಟ್ನೋರು ಕೇಳಿದ್ರೆ ನೀನು ಹಾಡಿ ತೋರಿಸ್ತೀಯಾ ಅಂತ ಸೂಪರಿಂಟೆಂಡೆಂಟ್ ನಂಜುಂಡಸ್ವಾಮಿಗಳು ಕೇಳಿದ್ರು. ಅವನಿಗೆ ಹಾಡೋಕೆ ಬರ್ತಿರಲಿಲ್ಲ.

ಹಾಗಾಗಿ ಮೂರೂ ಕಾರ್ಡನ್ನ ಸೇರಿಸಿ ಕಂಪ್ಯೂಟರಿಗೆ ಒಂದೇ ಅಂತ ನಂಬಿಸೋ ತಂತ್ರಾಂಶ ಹುಡುಕಿ ತಂದ. ಅದು ಒಂದೇ ಒಂದು ಪ್ರಶ್ನೆ ಕೇಳ್ತು. ಮೂರು ಕಾರ್ಡಿನೊಳಗೂ ಒಂದೊಂದು ಗಡಿಯಾರ ಇದೆ, ಯಾವುದನ್ನ ಯಜಮಾನ ಮಾಡ್ಲಿ, ಉಳಿದೆರಡು ಅದರ ಹಿಂದೆ ನಡೀತವೆ ಅಂತ. ದೇವರಾಜು ಮೌಸಿನ ಮೇಲೆ ಬೆರಳಿಟ್ಟಿದ್ದ. ನಂಜುಂಡಸ್ವಾಮಿಗಳು ಅವನ ಕೈ ಹಿಡಿದ್ರು.

"ಹಿರಿಯರು ಯಾರು ಅಂತ ನೀನು ಒತ್ತೋದಲ್ಲ ಕಣಯ್ಯ. ಜ್ಯೇಷ್ಠತಾ ಪಟ್ಟಿ ಆಗ್ಬೇಕು."

ಸಂಜೆಯೊಳಗೆ ಆದೇಶ ಆಯ್ತು: 'ಸದರಿ ಮೂರೂ ಕಾರ್ಡುಗಳು ಒಂದೇ ದಿನದ ಪೂರ್ವಾಹ್ನ ಸೇವೆಗೆ ಸೇರಿರುವುದರಿಂದ, ಜನ್ಮದಿನಾಂಕದ ಆಧಾರದ ಮೇಲೆ ಜ್ಯೇಷ್ಠತೆಯನ್ನು ನಿರ್ಧರಿಸತಕ್ಕದ್ದು. ಅಲ್ಲಿಯವರೆಗೆ ಯಾವ ಕಾರ್ಡೂ ಮತ್ತೊಂದು ಕಾರ್ಡಿನ ಮಾತನ್ನು ಕೇಳತಕ್ಕದ್ದಲ್ಲ.' ಜನನ ಪ್ರಮಾಣಪತ್ರ ಕೋರಿ ಮೂರು ಅಂಗಡಿಗೂ ರಿಜಿಸ್ಟರ್ ಪೋಸ್ಟ್ ಹೋಯ್ತು. ಉತ್ತರ ಬರಲಿಲ್ಲ.

ಇಪ್ಪತ್ತಾರನೇ ತಾರೀಕು, ಕಾರ್ಡುಗಳನ್ನ ಅವುಗಳ ಪಾಡಿಗೆ ಬಿಟ್ಟು, ಮೂವರನ್ನೂ ಹಾಡಿಸಿದ್ರು. ಹಾಡೋವಾಗ ಚೆನ್ನಾಗೇ ಇತ್ತು. ಕೇಳೋವಾಗ ಗುರುಶಾಂತಮ್ಮನ ಕಾರ್ಡು ಸರಿಯಾಗಿ, ಪ್ರೇಮಮ್ಮನದು ತುಸು ನಿಧಾನವಾಗಿ, ಮಂಗಳಗೌರಿಯದು ಬಸುರಿ ಎಮ್ಮೆ ಹಾಗೆ ನಡೆದಿದ್ವು. ಗುರುಶಾಂತಮ್ಮ ಧಾರೆ ಎರೆಯೋ ಹೊತ್ತಿಗೆ ಮಂಗಳಗೌರಿ ಇನ್ನೂ ಅರಿಶಿನ ಹಚ್ತಾ ಇದ್ರು.

ದೇವರಾಜುಗೆ ಸೌಂದರ್ಯ ಬೇರೆ ಯಾರದೋ ಹಸೆಮಣೆ ಮೇಲೆ ಕೂತ ಹಾಗೆ ಕಾಣ್ತು. ಒಂದೇ ಒಂದು ಸಲ ಮೌಸ್ ಒತ್ತಕ್ಕೆ ಬಿಡಿ ಸಾರ್ ಅಂತ ಕೈ ಮುಗಿದ. ನಂಜುಂಡಸ್ವಾಮಿಗಳು ಕರುಣಾಳು. ತುಂಬಾ ಹೊತ್ತು ಯೋಚನೆ ಮಾಡಿದ್ರು. ಕಾರ್ಡುಗಳಿಗೆ ಆದೇಶ ಕೊಡೋಕೆ ಜ್ಯೇಷ್ಠತೆ ಅಡ್ಡ ಬರುತ್ತೆ, ಹಾಡೋ ಹೆಂಗಸರಿಗೆ ಕೊಡೋಕೆ ಏನೂ ಅಡ್ಡಿಯಿಲ್ಲ ಅಂತ ಕಂಡುಕೊಂಡ್ರು. ಎರಡನೇ ಆದೇಶ ಹೊರಟಿತು: 'ಕಾರ್ಡು ಹಿಂದೆ ಬೀಳುವಷ್ಟು ಗಾಯಕಿಯು ಮುಂದೆ ಹೋಗತಕ್ಕದ್ದು. ಪ್ರತಿ ಹಾಡಿಗೆ ಶ್ರೀಮತಿ ಪ್ರೇಮಮ್ಮನವರು ಎರಡು ಸೊಲ್ಲು, ಶ್ರೀಮತಿ ಮಂಗಳಗೌರಿಯವರು ಆರು ಸೊಲ್ಲು.'

ಗುರುಶಾಂತಮ್ಮ ಎಲೆ ಅಡಿಕೆ ಜಗಿಯೋದು ನಿಲ್ಲಿಸಿದ್ರು.

"ಅಲ್ಲ ಕಣ್ ಸಾಮಿ, ನಾನಿನ್ನೂ ಏಳ್ದೆ ಇರೋ ಸೊಲ್ಲ ಇವ್ಳು ಎಂಗೆ ಇಂದೆ ಏಳ್ತಾಳೆ?"

"ಹಿಂದೆ ಅಲ್ಲಮ್ಮ, ಮುಂದೆ. ಆದೇಶದಲ್ಲಿ ಬರೆದಿದೆಯಲ್ಲ."

"ಬರ್ದಿದ್ರೆ ಸರಿ ಬುಡಿ," ಅಂದ್ರು ಮಂಗಳಗೌರಿ. ಗುರುಶಾಂತಮ್ಮನ ಹೆಗಲಿಗೆ ಹೆಗಲು ಕೊಟ್ಟು ಕೂತು ಹಿಂದೆ ಹೇಳ್ತಾ, ಒಂದು ದಿನ ಮುಂದೆ ಹೇಳೋಳಾಗೋಕೆ ಅವರು ಮೂವತ್ತು ವರ್ಷದಿಂದ ಕಾದಿದ್ರು.

ನಾಲ್ಕು ದಿನ ಅಭ್ಯಾಸ ನಡೆದು, ರೆಕಾರ್ಡಿಂಗ್ ಆಯ್ತು. ಕಚೇರಿಯಲ್ಲಿ ಕೂತು ಕೇಳಿದೋರಿಗೆ ಮೂರು ಮನೆಯ ಮದುವೆ ಒಂದೇ ಚಪ್ಪರದಲ್ಲಿ ಜಗಳಕ್ಕೆ ಬಿದ್ದ ಹಾಗಿತ್ತು. ಸೀಡಿಯಲ್ಲಿ ಮಾತ್ರ ಮೂವರೂ ಒಂದೇ ಉಸಿರಲ್ಲಿ ಹಾಡಿದ್ರು. ಮೂವತ್ತೊಂದಕ್ಕೆ ಸೀಡಿ ಮೈಸೂರು ಸೇರ್ತು. ಒಂದನೇ ತಾರೀಕು ದೊಡ್ಡಬೀರಯ್ಯ ಬಂದು, ಬಾಗಿಲನ್ನ ಎರಡು ಸಲ ತೆಗೆದು ಮುಚ್ಚಿ ನೋಡಿ, ಲಗ್ನ ಗೊತ್ತುಮಾಡಿದ್ರು.

ಮೇ ತಿಂಗಳಲ್ಲಿ ಮಿರ್ಲೆಯಲ್ಲಿ ಮದುವೆ. ಸೋಬಾನೆಗೆ ಆ ಮೂವರನ್ನೇ ಕರೆಸಿದ್ರು. ಆದೇಶವನ್ನ ಯಾರೂ ಹಿಂತೆಗೆದುಕೊಂಡಿರಲಿಲ್ಲ, ಆದ್ದರಿಂದ ಅವರು ಹಾಗೇ ಹಾಡಿದ್ರು. ಗುರುಶಾಂತಮ್ಮ ಹಸೆಗೆ ಕರೆಯೋ ಹೊತ್ತಿಗೆ ಪ್ರೇಮಮ್ಮ ಧಾರೆಗೆ ಬಂದಿದ್ರು. ಮಂಗಳಗೌರಿ ಹೆಣ್ಣೊಪ್ಪಿಸೋ ಪದ ಎತ್ತಿದ್ರು. ಪದ ಕೇಳಿದ ಮೇಲೆ ಇನ್ನೇನು ಅಂತ ಸೌಂದರ್ಯನ ತಾಯಿ ಅಳೋಕೆ ಶುರು ಮಾಡಿದ್ರು. ನೆಂಟರು ಊಟಕ್ಕೆ ಎದ್ರು.

ತಾಳಿ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ ದೇವರಾಜು, ಯಾರ ಪದಕ್ಕೆ ಕಟ್ಟಲಿ ಅಂತ ಪುರೋಹಿತರನ್ನ ಕೇಳಿದ. ಅವರು ಹಾಡೋರನ್ನ ಒಂದು ಸಲ, ತಾಳಿಯನ್ನ ಒಂದು ಸಲ ನೋಡಿದ್ರು. ಗಂಟು ಹೇಗೂ ಮೂರಿವೆ, ಒಬ್ಬೊಬ್ಬರು ಧಾರೆ ಮುಟ್ಟಿದಾಗ ಒಂದೊಂದು ಹಾಕಪ್ಪ ಅಂದ್ರು.

ಮೊದಲನೇ ಗಂಟು ಪ್ರೇಮಮ್ಮನ ಪದಕ್ಕೆ ಬಿತ್ತು. ಎರಡನೆಯದು ಊಟದ ಎರಡನೇ ಪಂಕ್ತಿ ಏಳೋವಾಗ, ಗುರುಶಾಂತಮ್ಮನ ಪದಕ್ಕೆ ಬಿತ್ತು. ಮಂಗಳಗೌರಿ ಧಾರೆ ದಾಟಿ ಎಷ್ಟೋ ಹೊತ್ತಾಗಿತ್ತು, ಆದ್ದರಿಂದ ಮೂರನೇ ಗಂಟಿಗೆ ಅವರು ಮುಂದಿನ ಮದುವೆಯ ಸೋಬಾನೆಯನ್ನೇ ಮೊದಲಿಂದ ಹಾಡಿಕೊಂಡು ಧಾರೆ ತನಕ ಬರಬೇಕಾಯ್ತು. ಅಷ್ಟು ಹೊತ್ತೂ ದೇವರಾಜು ಸೌಂದರ್ಯನ ಬೆನ್ನ ಹಿಂದೆ ದಾರ ಹಿಡ್ಕೊಂಡು ನಿಂತಿದ್ದ. ಸೌಂದರ್ಯ ತಲೆ ತಗ್ಗಿಸಿಕೊಂಡೇ ಲಾಡು ತಿಂದಳು.

ಆಮೇಲೆ ಸುತ್ತಮುತ್ತ ಅದೇ ಪದ್ಧತಿಯಾಯ್ತು. ಮೂರೂ ಗಂಟು ಒಟ್ಟಿಗೇ ಹಾಕಿದ ಮದುವೆ ಅಂದ್ರೆ ಈಗ ಜನ, ಪಾಪ ಏನೋ ಅವಸರ ಇತ್ತೇನೋ ಅಂತಾರೆ.