ಅಗಲ ಬಾಯಿಯ ಕುಂಬಿಳಪ್ಪ

ಹಲಸಿನ ಕಾಲ ಮುಗಿಯುವವರೆಗೆ ಅಚ್ಯುತನ್ ಮಾಷಿಗೆ ಡಾಕ್ಟರು ಬಿಟ್ಟುಕೊಟ್ಟಿದ್ದು ಒಂದೇ ಒಂದು ಕುಂಬಿಳಪ್ಪ, ಅಂದರೆ ಹಲಸು, ಬೆಲ್ಲ, ಅಕ್ಕಿಹಿಟ್ಟು ಕಲಸಿ ಎಲೆಯಲ್ಲಿ ಬೇಯಿಸುವ ಸಿಹಿ ಕಡುಬು. ಸಕ್ಕರೆ ಕಾಯಿಲೆ. ಹಾಗಾಗಿ ಆ ಒಂದರ ಗಾತ್ರ ಮಾಷಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು.

ಅಡುಗೆಮನೆಯ ಜಗಲಿಯಲ್ಲಿ ಹೆಂಡತಿ ಭಾನುಮತಿ ಎಲೆಗಳನ್ನು ಶಂಕುವಿನಂತೆ ಸುತ್ತಿ, ಹಿಟ್ಟು ತುಂಬಿ, ಬಾಯಿ ಮಡಚಿ, ತೆಂಗಿನ ಕಡ್ಡಿ ಚುಚ್ಚುತ್ತಿದ್ದಳು. ಕೆಲವು ಉದ್ದಕ್ಕೆ ಸಪೂರವಾಗಿದ್ದವು. ಕೆಲವು ಗಿಡ್ಡ, ಬಾಯಿ ಅಗಲ. ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಎಂದು ಗಂಡನಿಗೆ ಬೆಳಿಗ್ಗೆಯೇ ಹೇಳಿದ್ದಳು.

"ಉದ್ದದ್ದು ತಗೊಳ್ಳಿ ಮಾಷೇ. ಅದೇ ದೊಡ್ಡದು, ಕಣ್ಣಿಗೇ ಕಾಣತ್ತಲ್ಲ," ಎಂದಳು ಹಲಸಿನಹಣ್ಣು ತಂದುಕೊಟ್ಟ ಪಕ್ಕದ ಮನೆಯ ತಂಕಮಣಿ.

ಮೂವತ್ತೊಂದು ವರ್ಷ ಗಣಿತ ಕಲಿಸಿದ ಮಾಷು, ಮಗ್ಗಿ ತಪ್ಪಿದ ಹುಡುಗಿಯನ್ನು ನೋಡುವಂತೆ ಅವಳನ್ನು ನೋಡಿದರು. ಬೆರಳಿಟ್ಟು ಅಳೆದರು. ಉದ್ದದ್ದು ಆರು ಬೆರಳು ಎತ್ತರ, ಬಾಯಿ ಎರಡು. ಗಿಡ್ಡದ್ದು ಮೂರು ಬೆರಳು ಎತ್ತರ, ಬಾಯಿ ನಾಲ್ಕು.

"ಬಾಯಿಯ ಅರ್ಧವನ್ನ ಅದರಿಂದಲೇ ಗುಣಿಸು. ಆಮೇಲೆ ಎತ್ತರದಿಂದ ಗುಣಿಸು. ಉದ್ದದ್ದಕ್ಕೆ ಆರು, ಗಿಡ್ಡದ್ದಕ್ಕೆ ಹನ್ನೆರಡು. ಮಿಕ್ಕ ಲೆಕ್ಕ ಎರಡಕ್ಕೂ ಒಂದೇ."

ಅಷ್ಟರಲ್ಲಿ ತಂಕಮಣಿಯ ಗಂಡ, ನಿವೃತ್ತ ಬಸ್ ಕಂಡಕ್ಟರ್ ಕುಮಾರನ್, ಬೇಲಿ ದಾಟಿ ಬಂದ. ಬಾಯಿಲೆಕ್ಕ ನಂಬಿದ್ದರೆ ತನ್ನ ಬಸ್ಸು ಎಂದೋ ಮುಳುಗುತ್ತಿತ್ತು, ಸುರಿದು ತೋರಿಸಿ ಎಂದ.

ಮಾಷು ಬಿಡುವವರೇ? ಎರಡು ಖಾಲಿ ಎಲೆಗಳನ್ನು ಹಾಗೆಯೇ ಸುತ್ತಿ, ಉದ್ದದ್ದರಲ್ಲಿ ಮೊರದ ಅಕ್ಕಿ ತುಂಬಿ ಗಿಡ್ಡದ್ದಕ್ಕೆ ಸುರಿದರು. ಅರ್ಧ ತುಂಬಿತು. ಇನ್ನೊಮ್ಮೆ ಸುರಿದರು. ಬಾಯಿಗೆ ಸಮ. ಗೆದ್ದ ಹುರುಪಿನಲ್ಲಿ ಕೈ ಬೀಸಿದಾಗ ಮೊಣಕೈ ಮೊರಕ್ಕೆ ತಗುಲಿ ಎರಡು ಸೇರು ಅಕ್ಕಿ ಅಂಗಳಕ್ಕೆ ಹಾರಿತು. ನಾಲ್ಕು ಮನೆಯ ಕೋಳಿಗಳು ಮದುವೆಯೂಟಕ್ಕೆ ಬಂದಂತೆ ನುಗ್ಗಿದವು. ಕೋಳಿಗಳ ಹಿಂದೆ ನಾಲ್ಕು ಮನೆಯವರೂ ಬಂದರು. ಬಂದವರಿಗೆಲ್ಲ ಮಾಷು ಮೊದಲಿನಿಂದ ಪಾಠ ಮಾಡಿದರು.

ಅಪ್ಪಗಳು ಬೆಂದವು. ಬಂದವರಿಗೆಲ್ಲ ಭಾನುಮತಿ ಉದ್ದದ್ದನ್ನೇ ಹಂಚಿದಳು. ಮಾಷು ಗಂಭೀರವಾಗಿ ಅಗಲದ್ದನ್ನು ಎತ್ತಿಕೊಂಡರು. ತಂಕಮಣಿಗೆ ಯಾಕೋ ಕನಿಕರ ಬಂತು.

"ಬೇಕಾದ್ರೆ ಬದಲು ಮಾಡ್ಕೊಳ್ಳಿ ಮಾಷೇ. ಇನ್ನೂ ಕಚ್ಚಿಲ್ಲ."

"ಆರು ಕೊಟ್ಟು ಹನ್ನೆರಡು ಹೊಡ್ಕೊಳ್ಳೋಕೆ ನೋಡ್ತೀಯಾ?"

ಅಂಗಳವೆಲ್ಲ ನಕ್ಕಿತು. ಭಾನುಮತಿಯೊಬ್ಬಳು ತಲೆ ತಗ್ಗಿಸಿ ಒಲೆಯ ಬೂದಿ ಕೆದಕುತ್ತಿದ್ದಳು.

ಮಾಷು ಎಲೆ ಬಿಚ್ಚಿ ದೊಡ್ಡ ತುತ್ತನ್ನೇ ಕಚ್ಚಿದರು. ಬೆಲ್ಲವಿಲ್ಲ, ಹಲಸೂ ಇಲ್ಲ. ಬರೀ ಅಕ್ಕಿಹಿಟ್ಟು, ಕೈತುಂಬ ಮೆಂತ್ಯ. ಎದುರಿಗೆ ತಂಕಮಣಿಯ ಮಣಿಕಟ್ಟಿನವರೆಗೂ ಬೆಲ್ಲದ ರಸ ಇಳಿಯುತ್ತಿತ್ತು.

ಭಾನುಮತಿ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದಂತೆ ಹೇಳಿದಳು:

"ಮೊನ್ನೆ ಪಕ್ಕದ ಮನೆಯಲ್ಲಿ ಒಂದು, ನಿನ್ನೆ ಲೈಬ್ರರಿಯಲ್ಲಿ ಒಂದು ತಿಂದಿದ್ದು ಗೊತ್ತಾಗಿದೆ. ಬೆಂದ ಮೇಲೆ ಗುರುತು ಸಿಗಲಿ ಅಂತ ಸಪ್ಪೆಯದನ್ನ ಅಗಲಕ್ಕೆ ಸುತ್ತಿದೆ. ನೀವು ಲೆಕ್ಕ ತಪ್ಪಲ್ಲ ಅನ್ನೋ ನಂಬಿಕೆ ನನಗಿತ್ತು. ತಿನ್ನಿ ಮಾಷೇ, ಎರಡರಷ್ಟಿದೆ."